ಇಟಲಿಗೆ 35 ಗೋಲು, ತವರಿಗೆ ಸೊನ್ನೆ: ಗುನ್ನಾರ್ ನಾರ್ಡಾಲ್ ಪ್ರಕರಣ

1950ರ ಜೂನ್ 25. ಬ್ರೆಜಿಲ್‌ನ ಸಾವೊ ಪೌಲೊ ನಗರದಲ್ಲಿ ವಿಶ್ವಕಪ್‌ನ ಸ್ವೀಡನ್–ಇಟಲಿ ಪಂದ್ಯ. ಇಟಲಿ ಅದಕ್ಕೂ ಹಿಂದಿನ ಎರಡು ವಿಶ್ವಕಪ್‌ಗಳನ್ನು, 1934 ಮತ್ತು 1938ರದ್ದನ್ನು, ಗೆದ್ದ ದೇಶ. ಎದುರಿಗಿದ್ದ ಹನ್ನೊಂದು ಜನ ಆಟಕ್ಕೆ ಸಂಬಳ ಪಡೆಯದ ಹವ್ಯಾಸಿಗಳು. ಏಳನೇ ನಿಮಿಷಕ್ಕೇ ಇಟಲಿ ಒಂದು ಗೋಲು ಹೊಡೆಯಿತು. ಪಂದ್ಯ ಮುಗಿದಾಗ ಮಾತ್ರ ಸ್ವೀಡನ್ 3–2ರಿಂದ ಗೆದ್ದಿತ್ತು.

ಆ ದಿನ ಸ್ವೀಡನ್ ರಕ್ಷಣಾ ಸಾಲಿನ ನಡುವೆ ನಿಂತಿದ್ದವರು ಕ್ನೂಟ್ ನಾರ್ಡಾಲ್. ಅವರ ತಮ್ಮ ಗುನ್ನಾರ್ ಮೈದಾನದಲ್ಲಿ ಇರಲಿಲ್ಲ. ಆಗಷ್ಟೇ ಮುಗಿದಿದ್ದ ಇಟಲಿಯ ಲೀಗ್‌ನಲ್ಲಿ, ಅಂದರೆ ಸೀರಿ ಆ ಟೂರ್ನಿಯಲ್ಲಿ, ಮಿಲಾನ್ ಪರ 35 ಗೋಲು ಬಾರಿಸಿ ಎಲ್ಲರಿಗಿಂತ ಮುಂದಿದ್ದವರು ಈ ಗುನ್ನಾರ್. ಇಟಲಿಯಲ್ಲಿ ಆ ವರ್ಷ ಅತಿ ಹೆಚ್ಚು ಗೋಲು ಹೊಡೆದವರಿಗೆ ಇಟಲಿ ತಂಡದಲ್ಲಿ ಜಾಗವಿಲ್ಲ, ಅವರು ವಿದೇಶಿ. ಸ್ವೀಡನ್ ತಂಡದಲ್ಲೂ ಜಾಗವಿಲ್ಲ. ಗಾಯವಾಗಿರಲಿಲ್ಲ, ಲಯ ತಪ್ಪಿರಲಿಲ್ಲ, ಯಾರ ಜೊತೆಗೂ ಜಗಳವಾಡಿರಲಿಲ್ಲ. ಫುಟ್‌ಬಾಲ್ ಆಡಿ ಸಂಬಳ ತೆಗೆದುಕೊಂಡಿದ್ದರು, ಅಷ್ಟೇ.

ಗುನ್ನಾರ್ ನಾರ್ಡಾಲ್ ಸ್ವೀಡನ್ ಪರ ಆಡಿದ್ದು 33 ಪಂದ್ಯ, ಹೊಡೆದದ್ದು 43 ಗೋಲು. ಕೊನೆಯ ಪಂದ್ಯ ಆಡಿದ್ದು 1948ರಲ್ಲಿ, ಇನ್ನೂ 27 ತುಂಬುವ ಆಸುಪಾಸಿನಲ್ಲಿ. ಆಮೇಲೆ ಸುಮಾರು ಒಂಬತ್ತು ವರ್ಷ ಯುರೋಪಿನ ಅತಿ ಕಠಿಣ ಲೀಗ್‌ಗಳಲ್ಲೊಂದರಲ್ಲಿ ಆಡಿದರು. ದೇಶದ ಅಂಗಿ ಮತ್ತೆ ತೊಡಲಿಲ್ಲ. ಇದು ಯಾಕೆ ಹೀಗಾಯಿತು, ಇದರಲ್ಲಿ ಯಾರು ಗೆದ್ದರು, ಯಾರು ಸೋತರು ಅನ್ನುವುದೇ ಈ ಪ್ರಕರಣ. ಉತ್ತರ ಮೇಲ್ನೋಟಕ್ಕೆ ಕಾಣುವಷ್ಟು ಸುಲಭವಿಲ್ಲ. ಅವರಿಲ್ಲದ ತಂಡ ಸಾವೊ ಪೌಲೊದಲ್ಲಿ ಗೆದ್ದೇಬಿಟ್ಟಿತಲ್ಲ!

ಬೆಂಕಿ ಆರಿಸುವ ಕೆಲಸದವನು

ಸ್ವೀಡನ್ನಿನ ಉತ್ತರ ಭಾಗದಲ್ಲಿ, ಉಮಿಯೊ ಪಟ್ಟಣದ ಹತ್ತಿರ, ಹೋರ್ನೆಫೋರ್ಸ್ ಎಂಬ ಊರಿದೆ. ಗುನ್ನಾರ್ ಹುಟ್ಟಿದ್ದು ಅಲ್ಲಿ, 1921ರ ಅಕ್ಟೋಬರ್ 19ರಂದು. ಮನೆಯಲ್ಲಿ ಐವರು ಗಂಡುಮಕ್ಕಳು, ಐವರೂ ಫುಟ್‌ಬಾಲ್ ಆಟಗಾರರಾದರು. 1940ರಲ್ಲಿ ಕಬ್ಬಿಣದ ಕಾರ್ಖಾನೆಯನ್ನು ಸುತ್ತಿಕೊಂಡು ಬೆಳೆದ ಡೆಗರ್‌ಫೋರ್ಸ್ ಊರಿನ ಕ್ಲಬ್ ಸೇರಿದ ಗುನ್ನಾರ್, 1944ರಲ್ಲಿ ನೋರ್‌ಷೋಪಿಂಗ್‌ಗೆ ಬಂದರು. ಹೊಟ್ಟೆಪಾಡಿಗೆ ಅಗ್ನಿಶಾಮಕ ದಳದ ಕೆಲಸ. ಇಟಲಿಯವರು ಮುಂದೆ ಅವರಿಗೆ ಇಟ್ಟ ಅಡ್ಡಹೆಸರೂ ಅದೇ: ‘ಇಲ್ ಪೊಂಪಿಯೆರೆ’, ಬೆಂಕಿ ಆರಿಸುವವನು.

ಐಟಿಐ, ಎಚ್‌ಎಎಲ್ ತಂಡಗಳ ಆಟ ನೋಡಿ ಬೆಳೆದ ಬೆಂಗಳೂರಿನವರಿಗೆ ಈ ಬದುಕು ತೀರಾ ಅಪರಿಚಿತವೇನಲ್ಲ. ಹಾಜರಿ ಪುಸ್ತಕದಲ್ಲಿ ಹೆಸರು, ತಿಂಗಳ ಕೊನೆಗೆ ಕೆಲಸದ ಸಂಬಳ, ಆಟ ಮಾತ್ರ ಜೀವ. ಸ್ವೀಡನ್ನಿನ ವ್ಯತ್ಯಾಸವೆಂದರೆ ಅಲ್ಲಿ ಇದೊಂದೇ ದಾರಿ. ದುಡ್ಡಿಗಾಗಿ ಆಡುವವನು ದೇಶದೊಳಗೆ ಆಡುವಂತಿಲ್ಲ, ದೇಶಕ್ಕಾಗಿಯೂ ಆಡುವಂತಿಲ್ಲ ಎಂಬುದು ಅಲ್ಲಿನ ಫುಟ್‌ಬಾಲ್ ಸಂಸ್ಥೆಯ ನಿಲುವು. ಹವ್ಯಾಸಿ ನಿಯಮ ಅಲ್ಲಿ ಪೂರ್ತಿಯಾಗಿ ಕಳಚಿ ಬಿದ್ದದ್ದು 1967ರಲ್ಲಿ.

ನೋರ್‌ಷೋಪಿಂಗ್ ತಂಡದ ತರಬೇತುದಾರ ಹಂಗೇರಿಯ ಲಯೋಷ್ ಚೈಸ್ಲರ್. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ. 1945ರಿಂದ 48ರವರೆಗೆ ತಂಡ ಸತತ ನಾಲ್ಕು ಸಲ ದೇಶದ ಚಾಂಪಿಯನ್. ಗುನ್ನಾರ್ ಅಲ್ಲಿ 95 ಲೀಗ್ ಪಂದ್ಯಗಳಲ್ಲಿ 93 ಗೋಲು ಹೊಡೆದರು. 1944ರಲ್ಲಿ ಲಾಂಡ್ಸ್‌ಕ್ರೋನಾ ವಿರುದ್ಧ 9–1ರಲ್ಲಿ ಗೆದ್ದ ಪಂದ್ಯದಲ್ಲಿ ಅವರೊಬ್ಬರದ್ದೇ ಏಳು. ಎತ್ತರ ಆರಡಿಯ ಹತ್ತಿರ, ತೂಕ 90 ಕಿಲೋ ಮೀರಿದ್ದು. ಇಂಥ ದೇಹ ವೇಗವಾಗಿ ಓಡಿಬಂದಾಗ ಎದುರು ನಿಂತ ಡಿಫೆಂಡರ್‌ಗೆ ಏನು ಅನ್ನಿಸಿರಬೇಕು ಎಂದು ಊಹಿಸಬಹುದು.

ಇಲ್ಲೊಂದು ಮಾತು ಹೇಳಬೇಕು. ಎರಡನೇ ಮಹಾಯುದ್ಧದಲ್ಲಿ ಸ್ವೀಡನ್ ತಟಸ್ಥವಾಗಿತ್ತು. ಯುರೋಪಿನ ಉಳಿದ ಕಡೆ ಒಂದು ತಲೆಮಾರಿನ ಆಟಗಾರರು ಬಂದೂಕು ಹಿಡಿದಿದ್ದಾಗ ಸ್ವೀಡನ್ನಿನ ಲೀಗ್ ನಡೆಯುತ್ತಲೇ ಇತ್ತು. ಆದ್ದರಿಂದ ಯುದ್ಧ ಮುಗಿದಾಗ ಅಲ್ಲಿ ಚೆನ್ನಾಗಿ ಪಳಗಿದ, ಗಾಯಗೊಳ್ಳದ, ತುಂಬು ಪ್ರಾಯದ ಆಟಗಾರರ ದೊಡ್ಡ ದಾಸ್ತಾನೇ ಇತ್ತು. ನಾರ್ಡಾಲ್ ಅವರ 43 ಗೋಲುಗಳನ್ನು ಅಳೆಯುವಾಗಲೂ ಇದು ನೆನಪಿರಲಿ. ಅದರಲ್ಲಿ ಒಂದಷ್ಟು ಯುದ್ಧದಿಂದ ನಲುಗಿದ ಎದುರಾಳಿಗಳ ವಿರುದ್ಧ ಬಂದವು. ಹಾಗಂತ ಅದೊಂದೇ ಕಾರಣ ಎನ್ನಲಾಗದು. 1947ರ ಮೇ 10ರಂದು ಗ್ಲಾಸ್ಗೊದ ಹ್ಯಾಂಪ್ಡನ್ ಪಾರ್ಕ್‌ನಲ್ಲಿ ಬ್ರಿಟನ್ ತಂಡ ಯುರೋಪಿನ ಉಳಿದ ದೇಶಗಳ ಆಯ್ದ ತಂಡವನ್ನು 6–1ರಿಂದ ಬಗ್ಗುಬಡಿಯಿತು. ಸೋತವರ ಆ ಒಂದೇ ಒಂದು ಗೋಲು ನಾರ್ಡಾಲ್ ಅವರದು.

ಲಂಡನ್, 1948

ಒಲಿಂಪಿಕ್ಸ್ ಫುಟ್‌ಬಾಲ್ ಆಗ ಹವ್ಯಾಸಿಗಳ ಅಖಾಡ. ಸ್ವೀಡನ್ ತನ್ನ ಪೂರ್ಣ ಶಕ್ತಿಯ ತಂಡವನ್ನೇ ಕಳಿಸಬಹುದಿತ್ತು, ಕಳಿಸಿತು. ತರಬೇತಿ ಇಂಗ್ಲೆಂಡಿನ ಜಾರ್ಜ್ ರೇನರ್ ಅವರದು. ಮುಂಚೂಣಿಯಲ್ಲಿ ಗುನ್ನಾರ್ ಗ್ರೇನ್, ಗುನ್ನಾರ್ ನಾರ್ಡಾಲ್, ನಿಲ್ಸ್ ಲೀಡ್‌ಹೋಲ್ಮ್. ತಂಡದಲ್ಲಿ ನಾರ್ಡಾಲ್ ಸಹೋದರರೇ ಮೂವರು: ಬೆರ್ಟಿಲ್, ಕ್ನೂಟ್, ಗುನ್ನಾರ್.

ಆಸ್ಟ್ರಿಯಾ ವಿರುದ್ಧ 3–0. ಎರಡು ಗೋಲು ಗುನ್ನಾರ್ ಅವರದು. ದಕ್ಷಿಣ ಕೊರಿಯಾ ವಿರುದ್ಧ 12–0. ಅದರಲ್ಲಿ ಅವರದು ನಾಲ್ಕು. ಸೆಮಿಫೈನಲ್‌ನಲ್ಲಿ ಡೆನ್ಮಾರ್ಕ್ ವಿರುದ್ಧ ಅವರು ಗೋಲು ಹೊಡೆಯಲಿಲ್ಲ, ಆದರೆ ಆ ಪಂದ್ಯದಲ್ಲಿ ಜನ ಇವತ್ತಿಗೂ ಹೇಳಿಕೊಳ್ಳುವುದು ಅವರ ಬಗ್ಗೆಯೇ. ಸಹ ಆಟಗಾರ ಹೆನ್ರಿ ಕಾರ್ಲ್‌ಸನ್ ಚೆಂಡನ್ನು ತಲೆಯಿಂದ ಗೋಲಿನತ್ತ ತಳ್ಳುವ ಹೊತ್ತಿಗೆ ನಾರ್ಡಾಲ್ ಆಫ್‌ಸೈಡ್ ಜಾಗದಲ್ಲಿ, ಅಂದರೆ ಎದುರಾಳಿಯ ರಕ್ಷಕರನ್ನು ದಾಟಿ ನಿಯಮ ಒಪ್ಪದಷ್ಟು ಮುಂದೆ, ಸಿಕ್ಕಿಬಿದ್ದಿದ್ದರು. ಹಿಂದೆ ಓಡಲು ಸಮಯವಿಲ್ಲ. ಅವರು ಮುಂದಕ್ಕೇ ಓಡಿ, ಗೆರೆ ದಾಟಿ, ಗೋಲಿನ ಬಲೆಯೊಳಗೇ ನುಗ್ಗಿಬಿಟ್ಟರು. ಮೈದಾನದಲ್ಲೇ ಇಲ್ಲದವನು ಆಫ್‌ಸೈಡ್ ಹೇಗಾದಾನು? ಚೆಂಡು ಒಳಗೆ ಬಂದಾಗ ಬಲೆಯಲ್ಲಿ ನಿಂತು ಅದನ್ನು ಕೈಯಲ್ಲಿ ಹಿಡಿದುಕೊಂಡರಂತೆ. ಸ್ವೀಡನ್ 4–2ರಿಂದ ಗೆದ್ದಿತು. ಆಗಸ್ಟ್ 13ರಂದು ವೆಂಬ್ಲಿಯಲ್ಲಿ ಫೈನಲ್. ಯುಗೊಸ್ಲಾವಿಯ ವಿರುದ್ಧ 3–1. ಗ್ರೇನ್ ಎರಡು, ನಾರ್ಡಾಲ್ ಒಂದು. ಚಿನ್ನ.

ಟೂರ್ನಿಯಲ್ಲಿ ನಾರ್ಡಾಲ್ ಒಟ್ಟು ಏಳು ಗೋಲು ಹೊಡೆದಿದ್ದರು. ಅಷ್ಟೇ ಗೋಲು ಹೊಡೆದ ಇನ್ನೊಬ್ಬರು ಡೆನ್ಮಾರ್ಕಿನ ಜಾನ್ ಹ್ಯಾನ್ಸನ್. ಇವರ ಹೆಸರೂ ಮತ್ತೆ ಬರಲಿದೆ.

ಇದೇ ಲಂಡನ್ನಿನಲ್ಲಿ ಸ್ವತಂತ್ರ ಭಾರತದ ತಂಡವೂ ಇತ್ತು. ಬೆಂಗಳೂರಿನ ಅಹ್ಮದ್ ಖಾನ್ ಅವರಿದ್ದ, ಬಹುತೇಕರು ಬರಿಗಾಲಲ್ಲೇ ಆಡಿದ ತಂಡ ಜುಲೈ 31ರಂದು ಫ್ರಾನ್ಸ್‌ಗೆ 2–1ರಿಂದ ಸೋತಿತು. ನಮ್ಮ ಗೋಲು ಎಸ್. ರಾಮನ್ ಅವರದು, ಎರಡು ಪೆನಾಲ್ಟಿ ಕೈತಪ್ಪಿದವು. ಗೆದ್ದಿದ್ದರೆ ಏನಾಗುತ್ತಿತ್ತು ಎಂಬ ಲೆಕ್ಕ ಬಿಡೋಣ. 1950ರ ವಿಶ್ವಕಪ್‌ನಲ್ಲಿ ಮಾತ್ರ ಭಾರತ ಸ್ವೀಡನ್ನಿಗೆ ನಿಜಕ್ಕೂ ಎದುರಾಗಬೇಕಿತ್ತು. ಇಟಲಿ, ಸ್ವೀಡನ್, ಪರಾಗ್ವೆ, ಭಾರತ, ನಾಲ್ಕೂ ಒಂದೇ ಗುಂಪು. ಭಾರತ ಹೋಗಲಿಲ್ಲ, ಗುಂಪಿನಲ್ಲಿ ಮೂರೇ ತಂಡ ಉಳಿದವು. ಬೂಟು ಹಾಕಲು ಒಪ್ಪದ್ದಕ್ಕೆ ಹೋಗಲಿಲ್ಲ ಎಂಬ ಕಥೆಯನ್ನು ನಮ್ಮಲ್ಲಿ ಇನ್ನೂ ಹೇಳುತ್ತಾರೆ. ನನಗೆ ಅದರಲ್ಲಿ ನಂಬಿಕೆಯಿಲ್ಲ.

ಒಂದು ರೈಲು, ಒಂದು ಸಹಿ

ಒಲಿಂಪಿಕ್ಸ್ ಅಂಗಳ ಇಟಲಿಯ ಕ್ಲಬ್‌ಗಳಿಗೆ ಸಂತೆಯಂತಾಯಿತು. ಯುದ್ಧದ ನಂತರ ಅಲ್ಲಿನ ಉದ್ಯಮಿಗಳ ಕೈಯಲ್ಲಿ ಕ್ಲಬ್‌ಗಳಿದ್ದವು, ದುಡ್ಡಿತ್ತು, ಗೋಲು ಹೊಡೆಯುವವರು ಬೇಕಿತ್ತು. ಸ್ವೀಡನ್, ಡೆನ್ಮಾರ್ಕ್ ಎರಡೂ ಕಡೆ ಅತ್ಯುತ್ತಮ ಆಟಗಾರರು ಪುಕ್ಕಟೆ ಆಡುತ್ತಿದ್ದರು.

ನಾರ್ಡಾಲ್ ಮಿಲಾನ್ ಪಾಲಾದ ಬಗೆಗೆ ಇಟಲಿಯಲ್ಲಿ ಒಂದು ಕಥೆ ಪ್ರಚಲಿತ. ಮಿಲಾನ್ ಮೊದಲು ಗೊತ್ತು ಮಾಡಿಕೊಂಡಿದ್ದು ಡೆನ್ಮಾರ್ಕಿನ ಯೊಹಾನೆಸ್ ಪ್ಲೋಗರ್ ಅವರನ್ನು. ಅವರು ರೈಲಿನಲ್ಲಿ ಮಿಲಾನ್‌ಗೆ ಬರುತ್ತಿದ್ದಾಗ, ಗಡಿಯ ದೊಮೊದೊಸ್ಸೊಲಾ ನಿಲ್ದಾಣದಲ್ಲಿ ಯುವೆಂಟಸ್ ಕ್ಲಬ್‌ನವರು ಹತ್ತಿ, ದಾರಿಯಲ್ಲೇ ಸಹಿ ಹಾಕಿಸಿಕೊಂಡರಂತೆ. ಮಿಲಾನ್ ಸಿಟ್ಟಾಯಿತು. ಸಮಾಧಾನಕ್ಕೆ ಯುವೆಂಟಸ್ ಒಡೆಯ ಅನ್ಯೆಲ್ಲಿ, ತಮ್ಮ ಕ್ಲಬ್ ಕಣ್ಣಿಟ್ಟಿದ್ದ ಇನ್ನೊಬ್ಬರನ್ನು ಬಿಟ್ಟುಕೊಟ್ಟರು. ಆ ಇನ್ನೊಬ್ಬರೇ ನಾರ್ಡಾಲ್. ಕಥೆಗೆ ಎಷ್ಟು ಬಣ್ಣ ಸೇರಿದೆಯೋ, ಫಲಿತಾಂಶವಂತೂ ದಾಖಲೆಯಲ್ಲಿದೆ: 1950ರ ಫೆಬ್ರವರಿ 5ರಂದು ಮಿಲಾನ್ ತಂಡ ಟುರಿನ್‌ಗೇ ಹೋಗಿ ಯುವೆಂಟಸ್ಸನ್ನು 7–1ರಿಂದ ಸೋಲಿಸಿತು. ನಾರ್ಡಾಲ್ ಮೂರು ಗೋಲು ಹೊಡೆದರು.

1949ರ ಜನವರಿ 27ರಂದು ಪ್ರೊ ಪಾತ್ರಿಯಾ ವಿರುದ್ಧ ಮೊದಲ ಪಂದ್ಯ, ಮೊದಲ ಗೋಲು. ಉಳಿದಿದ್ದ ಅರ್ಧ ಋತುವಿನ 15 ಪಂದ್ಯಗಳಲ್ಲಿ 16 ಗೋಲು. ಬೇಸಿಗೆಗೆ ಗ್ರೇನ್, ಲೀಡ್‌ಹೋಲ್ಮ್ ಇಬ್ಬರೂ ಮಿಲಾನ್‌ಗೆ ಬಂದರು. ತರಬೇತುದಾರರಾಗಿ ಬಂದವರು ಅದೇ ನೋರ್‌ಷೋಪಿಂಗ್‌ನ ಚೈಸ್ಲರ್. ಮೂವರ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ಇಟಲಿಯವರು ‘ಗ್ರೆ-ನೊ-ಲಿ’ ಎಂದು ಕರೆದರು. ಒಂದೇ ಋತುವಿನಲ್ಲಿ ಆ ತಂಡ ಹೊಡೆದದ್ದು 118 ಗೋಲು. ನಾರ್ಡಾಲ್ 35, ಗ್ರೇನ್ 18, ಲೀಡ್‌ಹೋಲ್ಮ್ 18.

ಆ ವರ್ಷ ಪ್ರಶಸ್ತಿ ಯುವೆಂಟಸ್ ಪಾಲಾಯಿತು. ಮರುವರ್ಷ, 1951ರಲ್ಲಿ, ಮಿಲಾನ್ 44 ವರ್ಷಗಳ ನಂತರ ಮೊದಲ ಸಲ ಚಾಂಪಿಯನ್ ಆಯಿತು. 1955ರಲ್ಲಿ ಮತ್ತೊಮ್ಮೆ. ಲೀಗ್‌ನ ಅತಿ ಹೆಚ್ಚು ಗೋಲಿನ ಗೌರವ ನಾರ್ಡಾಲ್ ಅವರಿಗೆ ಐದು ಸಲ ಸಿಕ್ಕಿತು: 1950, 51, 53, 54, 55. ನಡುವೆ ಬಿಟ್ಟುಹೋದ 1952ರಲ್ಲಿ ಅದು ಯುವೆಂಟಸ್‌ನ ಜಾನ್ ಹ್ಯಾನ್ಸನ್ ಅವರಿಗೆ. ಲಂಡನ್ನಿನಲ್ಲಿ ತಲಾ ಏಳು ಗೋಲು ಹೊಡೆದು ಸಮನಾಗಿದ್ದ ಇಬ್ಬರು ಹವ್ಯಾಸಿಗಳು ಸೇರಿ ಆರು ವರ್ಷ ಇಟಲಿಯ ಲೀಗನ್ನು ಹಂಚಿಕೊಂಡರು! ಮಿಲಾನ್ ಪರ ನಾರ್ಡಾಲ್ ಹೊಡೆದ ಒಟ್ಟು 221 ಗೋಲು ಇವತ್ತಿಗೂ ಆ ಕ್ಲಬ್‌ನ ದಾಖಲೆ. ಒಂದೇ ಋತುವಿನ 35 ಗೋಲನ್ನು ದಾಟಲು ಇಟಲಿ 2016ರವರೆಗೆ, ಗೊನ್ಸಾಲೊ ಇಗ್ವಾಯಿನ್ 36 ಹೊಡೆಯುವವರೆಗೆ, ಕಾಯಬೇಕಾಯಿತು.

ಇಷ್ಟೂ ಕಾಲ ಸ್ವೀಡನ್ ತಂಡದ ಪಟ್ಟಿಯಲ್ಲಿ ಅವರ ಹೆಸರಿಲ್ಲ.

ನಿಯಮ ಗೆದ್ದಿತೇ?

ಸಂಸ್ಥೆಯ ಕಡೆಯಿಂದಲೂ ಯೋಚಿಸಬೇಕು. ದುಡ್ಡು ಬಂದರೆ ದೊಡ್ಡ ಊರಿನ ಕ್ಲಬ್‌ಗಳು ಸಣ್ಣ ಊರಿನವನ್ನು ನುಂಗುತ್ತವೆ ಎಂಬ ಭಯ ಸುಳ್ಳಲ್ಲ. ಡೆಗರ್‌ಫೋರ್ಸ್‌ನಂಥ ಕಾರ್ಖಾನೆ ಊರು ದೇಶದ ಮೇಲಿನ ದರ್ಜೆಯಲ್ಲಿ ಆಡಲು ಸಾಧ್ಯವಾದದ್ದೂ ಆ ವ್ಯವಸ್ಥೆಯಲ್ಲೇ. 1950ರ ಫಲಿತಾಂಶವಂತೂ ಸಂಸ್ಥೆಯ ಪರವಾಗಿ ಸಾಕ್ಷಿ ನುಡಿಯಿತು. ಒಲಿಂಪಿಕ್ಸ್ ಗೆದ್ದ ಮುಂಚೂಣಿಯೇ ಇಲ್ಲದೆ ರೇನರ್ ಹೊಸ ಹುಡುಗರನ್ನು ಕಟ್ಟಿಕೊಂಡು ಬ್ರೆಜಿಲ್‌ಗೆ ಹೋದರು. ನಾರ್ಡಾಲ್ ಜಾಗದಲ್ಲಿ ಹಾಸೆ ಯೆಪ್‌ಸನ್. ಇಟಲಿ ವಿರುದ್ಧ ಎರಡು ಗೋಲು ಅವರದೇ. ಕೊನೆಯ ಸುತ್ತಿನಲ್ಲಿ ಬ್ರೆಜಿಲ್ 7–1ರಿಂದ ಚಿಂದಿ ಮಾಡಿತು ನಿಜ, ಉರುಗ್ವೆ 3–2ರಿಂದ ಗೆದ್ದಿತು. ಸ್ಪೇನ್ ವಿರುದ್ಧ ಗೆದ್ದ ಸ್ವೀಡನ್‌ಗೆ ಮೂರನೇ ಸ್ಥಾನ. ಸಂಬಳವಿಲ್ಲದ ಹುಡುಗರು ಜಗತ್ತಿನಲ್ಲಿ ಮೂರನೆಯವರು ಎಂದ ಮೇಲೆ ನಿಯಮ ಸಡಿಲಿಸಿ ಎಂದು ಕೇಳಲು ಯಾರಿಗೆ ಬಾಯಿ ಬಂದೀತು?

(ಇಟಲಿಯ ಸ್ಥಿತಿಯನ್ನೂ ಹೇಳದಿದ್ದರೆ ಅನ್ಯಾಯ. 1949ರ ಮೇ 4ರಂದು ಸುಪೆರ್ಗಾ ಬೆಟ್ಟಕ್ಕೆ ವಿಮಾನ ಬಡಿದು ಟೊರಿನೊ ತಂಡ ಹೆಚ್ಚುಕಡಿಮೆ ಇಡಿಯಾಗಿ ಸತ್ತಿತ್ತು. ಇಟಲಿ ತಂಡದ ಬೆನ್ನೆಲುಬೇ ಆ ಕ್ಲಬ್ಬು. ಸಾವೊ ಪೌಲೊಗೆ ಬಂದದ್ದು ಆ ಗಾಯದ ತಂಡ.)

ನನ್ನ ತಕರಾರು ಇರುವುದು ಇಲ್ಲಿ. 1950ರಲ್ಲಿ ನಿಯಮದ ಬೆಲೆ ಕಾಣಿಸಲಿಲ್ಲ, ಯಾಕೆಂದರೆ ಯುದ್ಧಕಾಲದ ದಾಸ್ತಾನು ಇನ್ನೂ ಮುಗಿದಿರಲಿಲ್ಲ. ಬ್ರೆಜಿಲ್‌ನಲ್ಲಿ ಸಿಕ್ಕ ಗೆಲುವೇ ಮುಂದಿನ ಕಂತಿನ ಆಟಗಾರರನ್ನು ಇಟಲಿಗೆ ತೋರಿಸಿಕೊಟ್ಟಿತು. ಲೆನ್ನಾರ್ಟ್ ಸ್ಕೋಗ್ಲುಂಡ್ ಇಂಟರ್‌ಗೆ, ಕಾರ್ಲ್-ಎರಿಕ್ ಪಾಲ್ಮೇರ್ ಲೆನ್ಯಾನೊಗೆ, ಸುನೆ ಆಂಡರ್‌ಸನ್ ಮತ್ತು ಸ್ಟಿಗ್ ಸುಂಡ್‌ಕ್ವಿಸ್ಟ್ ರೋಮಾಗೆ ಹೋದರು. ಅಣ್ಣ ಕ್ನೂಟ್ ಕೂಡ ರೋಮಾ ಸೇರಿದರು. ಯೆಪ್‌ಸನ್ ಅಟಲಾಂಟಾ ಸೇರಿ, 1952ರಲ್ಲಿ 10.5 ಕೋಟಿ ಲಿರಾಗೆ ನಾಪೊಲಿಗೆ ಮಾರಾಟವಾದರು. ಆ ಊರಿನ ಜನ ಅವರನ್ನು ಬ್ಯಾಂಕಿಗೇ ಹೋಲಿಸಿ ತಮಾಷೆ ಮಾಡಿದರು. ಇಟಲಿಯನ್ನು ಸೋಲಿಸಿದ ತಂಡದ ಅರ್ಧದಷ್ಟು ಜನ ಇಟಲಿಯ ಸಂಬಳದ ಪಟ್ಟಿಯಲ್ಲಿದ್ದರು. ಹೋದವರಿಗೆಲ್ಲ ತವರಿನ ತಂಡದ ಬಾಗಿಲು ಮುಚ್ಚಿತು.

1954ರ ವಿಶ್ವಕಪ್‌ಗೆ ಸ್ವೀಡನ್ ಅರ್ಹತೆಯನ್ನೇ ಪಡೆಯಲಿಲ್ಲ. ಅವರ ಗುಂಪಿನಿಂದ ಬೆಲ್ಜಿಯಂ ಸ್ವಿಟ್ಜರ್ಲೆಂಡಿಗೆ ಹೋಯಿತು. ಆ ವರ್ಷವೂ ಇಟಲಿಯ ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದವರು ನಾರ್ಡಾಲ್, ವಯಸ್ಸು 32.

ಸ್ವೀಡನ್ನಿನ ಆಟಗಾರ ವೃತ್ತಿಪರನಾಗುವುದನ್ನು ನಿಯಮ ತಡೆಯಲಿಲ್ಲ. ವೃತ್ತಿಪರನಾದ ಸ್ವೀಡನ್ನಿಗನ ಆಟ ಸ್ವೀಡನ್ನಿಗೆ ದಕ್ಕದಂತೆ ಮಾತ್ರ ನೋಡಿಕೊಂಡಿತು. ಮನೆಯ ಹಸು ಪಕ್ಕದ ಮನೆಗೆ ಹಾಲು ಕೊಡುತ್ತಿದೆಯೆಂದು, ಹಬ್ಬಕ್ಕೂ ಆ ಹಾಲನ್ನು ಮುಟ್ಟೆವು ಎಂದು ಕೂತಂತೆ. ಮೊದಲ ಒಬ್ಬಿಬ್ಬರು ಹೋದಾಗ ಇದನ್ನು ಶಿಸ್ತು ಎನ್ನಬಹುದಿತ್ತು. ಹತ್ತನೆಯವನು ಹೋಗುವ ಹೊತ್ತಿಗೆ ಅದು ಬರೀ ಹಟ.

1958: ಇಬ್ಬರಿಗೆ ತೆರೆದ ಬಾಗಿಲು

1958ರ ವಿಶ್ವಕಪ್ ಸ್ವೀಡನ್ನಿನಲ್ಲೇ. ಸ್ವಂತ ನೆಲದಲ್ಲಿ ಮುಖಭಂಗವಾಗಬಾರದಲ್ಲ; ವೃತ್ತಿಪರರನ್ನು ತಂಡಕ್ಕೆ ಸೇರಿಸಿಕೊಳ್ಳಲು ಸಂಸ್ಥೆ ಕೊನೆಗೂ ಒಪ್ಪಿತು. ತರಬೇತಿಗೆ ಮತ್ತೆ ರೇನರ್. 35ರ ಲೀಡ್‌ಹೋಲ್ಮ್ ನಾಯಕ. ಗ್ರೇನ್‌ಗೆ 37. ಇಟಲಿಯಲ್ಲಿ ಆಡುತ್ತಿದ್ದ ಕುರ್ಟ್ ಹಾಮ್ರಿನ್, ಸ್ಕೋಗ್ಲುಂಡ್, ಬೆಂಗ್ಟ್ ಗುಸ್ತಾವ್‌ಸನ್ ಬಂದರು. ಸೆಮಿಫೈನಲ್‌ನಲ್ಲಿ ಪಶ್ಚಿಮ ಜರ್ಮನಿ ವಿರುದ್ಧ 3–1. ಗೋಲು ಹೊಡೆದ ಸ್ಕೋಗ್ಲುಂಡ್, ಗ್ರೇನ್, ಹಾಮ್ರಿನ್ ಮೂವರೂ ಇಟಲಿಯ ಸಂಬಳ ಉಂಡವರು.

ಜೂನ್ 29ರಂದು ರೋಸುಂಡಾ ಕ್ರೀಡಾಂಗಣದಲ್ಲಿ ಫೈನಲ್. ನಾಲ್ಕನೇ ನಿಮಿಷಕ್ಕೇ ಲೀಡ್‌ಹೋಲ್ಮ್ ಗೋಲು. ಆಮೇಲೆ 17ರ ಹುಡುಗ ಪೆಲೆ, ವಾವಾ, ಗರಿಂಚಾ ಎಲ್ಲ ಸೇರಿ 5–2 ಮಾಡಿದ್ದು ಬೇರೆ ಕಥೆ. ನನ್ನ ಕಣ್ಣು ಹೋಗುವುದು ಸ್ವೀಡನ್ನಿನ ಮುಂಚೂಣಿಯ ಐವರ ಮೇಲೆ: ಹಾಮ್ರಿನ್, ಗ್ರೇನ್, ಸಿಮೊನ್‌ಸನ್, ಲೀಡ್‌ಹೋಲ್ಮ್, ಸ್ಕೋಗ್ಲುಂಡ್. ನಾಲ್ವರು ಇಟಲಿ ಕಂಡವರು. ಆವರೆಗೆ ತವರಿನಲ್ಲೇ ಆಡಿದ್ದವರು ಒಬ್ಬರೇ, ಸೆಂಟರ್ ಫಾರ್ವರ್ಡ್ ಆಗ್ನೆ ಸಿಮೊನ್‌ಸನ್. ಅದು ನಾರ್ಡಾಲ್ ಅವರ ಜಾಗ.

ಆಗ ನಾರ್ಡಾಲ್‌ಗೆ 36, ಗ್ರೇನ್‌ಗಿಂತ ಒಂದು ವರ್ಷ ಚಿಕ್ಕವರು. 1956ರಲ್ಲಿ ಮಿಲಾನ್ ಬಿಟ್ಟು ರೋಮಾ ಸೇರಿ, ಅಲ್ಲಿ 15 ಲೀಗ್ ಗೋಲು ಸೇರಿಸಿ, ಇಟಲಿಯ ಲೆಕ್ಕವನ್ನು 225ಕ್ಕೆ ನಿಲ್ಲಿಸಿದ್ದರು. ವಿದೇಶಿಯೊಬ್ಬರು ಆ ಲೀಗ್‌ನಲ್ಲಿ ಅಷ್ಟು ಗೋಲು ಹಿಂದೆಯೂ ಹೊಡೆದಿಲ್ಲ, ಮುಂದೆಯೂ ಹೊಡೆದಿಲ್ಲ. ತಂಡಕ್ಕೆ ಮಾತ್ರ ಅವರನ್ನು ಕರೆಯಲಿಲ್ಲ. ಇದರಲ್ಲಿ ದ್ವೇಷ ಹುಡುಕುವ ಅಗತ್ಯ ನನಗೆ ಕಾಣುವುದಿಲ್ಲ, ಆಟದ ಸ್ವಭಾವವೇ ಸಾಕು. ಗ್ರೇನ್, ಲೀಡ್‌ಹೋಲ್ಮ್ ಪಾಸ್ ಕೊಟ್ಟು ಆಡಿಸುವವರು. ಕಾಲು ನಿಧಾನವಾದಷ್ಟೂ ತಲೆ ಹರಿತವಾಗುವ ಜಾಗ ಅವರದು, 40ರವರೆಗೂ ಎಳೆಯಬಹುದು. ನಾರ್ಡಾಲ್ ಬದುಕಿದ್ದು ಇಬ್ಬರು ಡಿಫೆಂಡರ್‌ಗಳನ್ನು ಭುಜಕ್ಕೆ ಅಂಟಿಸಿಕೊಂಡು ಓಡುವ ಬಲದ ಮೇಲೆ. ಆ ಬಲಕ್ಕೆ ಅವಧಿಯಿದೆ. ಒಂದೇ ನಿಯಮ ಮೂವರಿಂದಲೂ ಒಂಬತ್ತು ವರ್ಷ ಕಿತ್ತುಕೊಂಡಿತು. ಇಬ್ಬರಿಗೆ ಕೊನೆಯಲ್ಲಿ ಏನೋ ಒಂದಿಷ್ಟು ಹಿಂದಿರುಗಿತು, ಒಬ್ಬರಿಗೆ ಏನೂ ಇಲ್ಲ. ವಿಶ್ವಕಪ್‌ನ ಒಂದು ಪಂದ್ಯವನ್ನೂ ಆಡದೆ ನಾರ್ಡಾಲ್ ಆಟ ಮುಗಿಸಿದರು.

ಆಮೇಲೆ ತವರಿಗೆ ಮರಳಿ ಕಾರ್ಲ್‌ಸ್ಟಾಡ್‌ನಲ್ಲಿ ಆಟಗಾರ, ತರಬೇತುದಾರ ಎರಡೂ ಆಗಿ ದುಡಿದರು, ಬೇರೆ ತಂಡಗಳಿಗೂ ತರಬೇತಿ ಕೊಟ್ಟರು. 1995ರ ಸೆಪ್ಟೆಂಬರ್ 15ರಂದು ತೀರಿಕೊಂಡದ್ದು ಇಟಲಿಯಲ್ಲೇ, ಸಾರ್ಡಿನಿಯಾ ದ್ವೀಪದ ಅಲ್ಗೇರೊ ಪಟ್ಟಣದಲ್ಲಿ.

ಅವರ ಮಗ ಥೊಮಾಸ್ ನಾರ್ಡಾಲ್ ಕೂಡ ಫುಟ್‌ಬಾಲ್ ಆಟಗಾರ. 1970ರಲ್ಲಿ ಥೊಮಾಸ್ ಬೆಲ್ಜಿಯಂನ ಆಂಡರ್ಲೆಕ್ಟ್ ಕ್ಲಬ್‌ನ ಸಂಬಳದ ಆಟಗಾರ. ಆ ವರ್ಷ ಮೆಕ್ಸಿಕೊ ವಿಶ್ವಕಪ್‌ಗೆ ಹೊರಟ ಸ್ವೀಡನ್ ತಂಡದ ಪಟ್ಟಿಯಲ್ಲಿ ಅವರ ಹೆಸರಿತ್ತು, ಯಾರೂ ಏನೂ ಕೇಳಲಿಲ್ಲ. ಜೂನ್ 3ರಂದು ಟೊಲೂಕಾದಲ್ಲಿ ಸ್ವೀಡನ್ನಿನ ಮೊದಲ ಪಂದ್ಯ. ಎದುರಾಳಿ ಇಟಲಿ.